ಅಳುವವರ ಸಂತೆ

ನಾನು ಬರೆದ ಒಂದೇ ಒಂದು ನಾಟಕಕ್ಕೆ ಬಸವನ ಬಾಗೇವಾಡಿಯಲ್ಲಿ ಸಮಾಧಾನಕರ ಬಹುಮಾನ ಬಂದಿತ್ತು. ಬಹುಮಾನವೆಂದರೆ ಒಂದು ಸ್ಟೀಲಿನ ಡಬ್ಬಿ. ಈಗ ಅದರಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇರುತ್ತದೆ.

ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಆಗ ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂದಾಗಲೆಲ್ಲ ಅದೇ ರಾಜ, ಅದೇ ಮಂತ್ರಿ, ಇಲ್ಲವೇ ಕುಡುಕ ಗಂಡ ಹತ್ತೇ ನಿಮಿಷದಲ್ಲಿ ಒಳ್ಳೆಯವನಾಗುವ ಕಥೆ. ನೋಡಿ ನೋಡಿ ತಲೆ ಕೆಟ್ಟು, ಈ ಸಲ ನಾನೇ ಬರೆಯುತ್ತೇನೆ ಎಂದು ಕುಳಿತೆ. ಆಗಿನ್ನೂ ಎಲ್ಲರ ಕಿಸೆಗೆ ಕ್ಯಾಮೆರಾ ಇರುವ ಫೋನು ಬಂದಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ನಾನು ಕಂಡದ್ದನ್ನೇ ಬರೆದೆ ಅಂದಾರು.

ನಾಟಕದ ಹೆಸರು ‘ಅಳುವವರ ಸಂತೆ’. ಅದೊಂದು ಊರು. ಅಲ್ಲಿ ಮನೆಯೊಳಗೆ ಅಳುವುದು ಕಳವು ಮಾಡಿದಷ್ಟೇ ಅಪರಾಧ. ದುಃಖ ಊರಿನ ಆಸ್ತಿ, ಒಬ್ಬರೇ ಬಾಗಿಲು ಹಾಕಿಕೊಂಡು ಅತ್ತರೆ ಉಳಿದವರಿಗೆ ಮೋಸ ಎಂಬುದು ಅಲ್ಲಿಯ ಕಾಯ್ದೆ. ಯಾರ ಮನೆಯಲ್ಲಿ ಸಾವಾದರೂ ಸಂತೆಯ ದಿನ ಕಟ್ಟೆ ಹತ್ತಿ ಎಲ್ಲರೆದುರು ಅಳಬೇಕು. ಜನ ಚುರುಮುರಿ ತಿನ್ನುತ್ತ ಕೂತು ನೋಡುತ್ತಾರೆ. ಅಳು ಮುಗಿದ ಮೇಲೆ ಎಲ್ಲರೂ ಒಂದೇ ದನಿಯಲ್ಲಿ, “ಛಲೋ ಆತು, ಮತ್ತ ಬಾ” ಅನ್ನುತ್ತಾರೆ. ಚೆನ್ನಾಗಿ ಅಳದವರ ದುಃಖ ಸುಳ್ಳೆಂದು ತೀರ್ಮಾನವಾಗಿ ಅವರನ್ನು ಊರು ಬಿಡಿಸುತ್ತಾರೆ. ಅಳುವವರು ಕಡಿಮೆಯಾದ ವಾರ ಊರಿನ ದೊಡ್ಡವರು ಮನೆ ಮನೆಗೆ ಹೋಗಿ, “ನಿಮ್ಮ ಮನ್ಯಾಗ ಯಾರರ ಜಡ್ಡ ಬಿದ್ದಾರೇನ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ಈ ಮರ್ಯಾದೆಯ ಭಾಗ ನನಗೆ ತುಂಬ ಇಷ್ಟವಾಗಿತ್ತು.

ಕೊನೆಯ ದೃಶ್ಯದಲ್ಲಿ ಕೂಸು ಕಳೆದುಕೊಂಡ ಒಬ್ಬ ತಾಯಿ ಕಟ್ಟೆ ಹತ್ತುತ್ತಾಳೆ. ಅಳುವುದಿಲ್ಲ. ಸುಮ್ಮನೆ ನಿಲ್ಲುತ್ತಾಳೆ. ಅವಳ ಮೌನಕ್ಕೆ ನಾಚಿ ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಸಂತೆ ಖಾಲಿಯಾಗುತ್ತದೆ, ಪರದೆ ಬೀಳುತ್ತದೆ. ಇದನ್ನು ಬರೆದ ದಿನ ನನ್ನ ಬಗ್ಗೆ ನನಗೇ ಎಷ್ಟು ಅಭಿಮಾನ ಬಂದಿತ್ತೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಗ್ಯಾದರಿಂಗಿನಲ್ಲಿ ಚಪ್ಪಾಳೆ ಬಿತ್ತು ಎಂದು ಬಾಗೇವಾಡಿಯ ಸ್ಪರ್ಧೆಗೂ ಒಯ್ದೆವು. ನಿರ್ಣಾಯಕರು ಹಿರಿಯರು, ಬಿಳಿ ಟೋಪಿಯವರು. ಡಬ್ಬಿ ಕೈಗಿಡುತ್ತ, “ಕಲ್ಪನಾ ಛಲೋ ಐತ್ರಿ ಮೇಡಮ್ಮಾರ. ಆದ್ರ ನಮ್ಮ ಭಾಗದ ಮಂದಿ ಇಷ್ಟು ಕಟುಕರಲ್ಲ. ಸ್ವಲ್ಪ ಖರೇ ಅನಿಸೂಹಂಗ ಬರೀಬೇಕ್ರಿ” ಅಂದರು. ನಾನು ಹೌದ್ರಿ ಅಂದೆ.

ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಅಕ್ಕ ಇದ್ದಳು. ನಾಟಕ ನೋಡಲೆಂದೇ ಗಂಡನ ಊರಿಂದ ಬಂದಿದ್ದಳು. ಅವಳಿಗೂ ನಾಟಕ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

“ಕಡೀಕ ಆ ತಾಯಿ ಅಳಲಿಲ್ಲಲ್ಲ, ಅದು ಸುಳ್ಳು” ಅಂದಳು. “ಕೂಸು ಸತ್ತಾಕಿ ಅಳಲಾರದ ನಿಂದ್ರತಾಳೇನು?”

“ಅದು ಪ್ರತಿಭಟನಾ ಅಕ್ಕಾ.”

“ಏನರ ಇರ್ಲಿ. ಅಳು ತಡೀಬಾರದು. ಒಳಗ ಕೊಳಿತೈತಿ.”

ಅಳುವ ವಿಷಯದಲ್ಲಿ ಅಕ್ಕನ ಮಾತಿಗೆ ತೂಕವಿತ್ತು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನು ಗೋಡೆಗೆ ಕೂಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವು ಹಾಕಿರುತ್ತಾರೆ. ಎದುರಿಗೆ ಕೂತ ಹೆಂಗಸು ಅವರ ಗುಣ, ಅವರ ಹಟ, ಅವರು ಅರ್ಧಕ್ಕೆ ಬಿಟ್ಟು ಹೋದ ಕೆಲಸ ಎಲ್ಲವನ್ನೂ ರಾಗದಲ್ಲಿ ಅವರಿಗೇ ಹೇಳುತ್ತ ಅಳುತ್ತಾಳೆ. ಅದರಲ್ಲಿ ಬೈಗುಳವೂ ಇರುತ್ತದೆ. ಬದುಕಿದ್ದಾಗ ನೀರು ಕೊಡದ ಸೊಸೆಗೆ ಹೆಣದ ಮುಂದೆ ಸರಿಯಾಗಿ ತಿವಿಯುವವರುಂಟು. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಹಿಡಿಯುತ್ತಾಳೆ. ನಡುವೆ ಕಣ್ಣೊರೆಸಿಕೊಂಡು, “ಮಣ್ಣು ಎಷ್ಟೊತ್ತಿಗಿ ಐತಿ?” ಎಂದು ಹೂಳುವ ಹೊತ್ತು ಕೇಳಿ, ಉತ್ತರ ಸಿಕ್ಕ ಮೇಲೆ ಮತ್ತೆ ಅಳುವಿಗೆ ಹತ್ತುತ್ತಾರೆ. ದೂರದಿಂದ ತಡವಾಗಿ ಬಂದವರಿದ್ದರೆ ಬಾಗಿಲಲ್ಲೇ ಅವರ ಕೊರಳಿಗೆ ಬಿದ್ದು ಎಲ್ಲವನ್ನೂ ಮೊದಲಿಂದ ಅಳಬೇಕು, ಇಲ್ಲದಿದ್ದರೆ ಬಂದವರಿಗೆ ದುಃಖದ ಪಾಲು ಕೊಡದಂತೆ. ಹೊರಗಿನವರಿಗೆ ಇದು ನಾಟಕದ ಹಾಗೆ ಕಾಣಬಹುದು. ಕಂಡರೆ ಕಾಣಲಿ.

ಅಕ್ಕ ಅತ್ತರೆ ಗಂಡಸರೂ ಅಂಗಳದಿಂದ ಎದ್ದು ಗೋಡೆಯ ಮರೆಗೆ ಹೋಗಿ ನಿಲ್ಲುತ್ತಿದ್ದರು. ಅವಳು ದೊಡ್ಡ ಮಾತು ತರುತ್ತಿರಲಿಲ್ಲ. ಸತ್ತವರ ಚಪ್ಪಲಿ, ಅವರು ಚಹಾಕ್ಕೆ ಊದುತ್ತಿದ್ದ ರೀತಿ, ಅರ್ಧ ಹೊಲಿದಿಟ್ಟ ಕೌದಿ, ಇಂಥವನ್ನೇ ಹಿಡಿದು ಎಳೆಯುತ್ತಿದ್ದಳು. ನಾಲತವಾಡದ ಹತ್ತಿರ ನಮ್ಮ ತವರೂರು. ಅಲ್ಲಿ ಅವ್ವ ರೊಟ್ಟಿ ಬಡಿಯುತ್ತ ಅಕ್ಕನಿಗೆ ಒಂದೇ ಮಾತು ಹೇಳುತ್ತಿದ್ದಳು.

“ನಾ ಸತ್ರ ನೀನ ಹಾಡ್ಯಾಡಿ ಅಳಬೇಕವಾ. ಈ ಸಾಲಿ ಕಲತಾಕಿಗಿ ಬರಂಗಿಲ್ಲ. ಇಕಿ ನನ್ನ ಮುಂದ ಕುಂತು ವ್ಯಾಕರಣಾ ಹೇಳ್ತಾಳ.”

ಅಷ್ಟಕ್ಕೇ ಬಿಡುತ್ತಿರಲಿಲ್ಲ. “ಏನಂತ ಅಳತಿ, ಒಂದಿಷ್ಟು ಹೇಳು ನೋಡೂಣು” ಅನ್ನುವಳು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಶುರುಮಾಡಿದರೆ ಅವ್ವ ನಡುವೆ ತಿದ್ದುವಳು. ಜ್ವರದಲ್ಲೂ ಕಳೆ ತೆಗೆಯಲು ಹೋಗಿದ್ದನ್ನು ಸೇರಿಸು. ಆಕಳು ಕಳೆದಾಗ ಮೂರು ಊರು ತಿರುಗಿ ಹಿಡಿದು ತಂದದ್ದನ್ನು ಸೇರಿಸು. ನಿಮ್ಮಪ್ಪನ ಸುದ್ದಿ ತರಬೇಡ, ಆ ಮನುಷ್ಯ ಅದಕ್ಕೂ ಹಿಗ್ಗುತ್ತಾನೆ. ಕೊನೆಗೆ ಇಬ್ಬರೂ ನಗುವುದರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಪದವಿಗಳೆಲ್ಲ ಆ ಒಲೆಯ ಮುಂದೆ ಯಾತಕ್ಕೂ ಬಾರದವು.

ಅಕ್ಕನನ್ನು ಕೊಟ್ಟದ್ದು ಇಂಡಿ ತಾಲೂಕಿಗೆ, ಅಗರಖೇಡದ ಹತ್ತಿರದ ಹಳ್ಳಿಗೆ. ಲಿಂಬೆಯ ತೋಟ. ಭಾವನ ಎರಡೂ ಕೈಯಲ್ಲಿ ಲಿಂಬೆ ಮುಳ್ಳಿನ ಗೀರುಗಳು ಯಾವಾಗಲೂ ಇರುತ್ತಿದ್ದವು. ಮಾತು ಕಡಿಮೆ, ಉಪ್ಪಿನಕಾಯಿ ಹೆಚ್ಚು. ವರ್ಷಕ್ಕೊಂದು ದೊಡ್ಡ ಭರಣಿ ತುಂಬ ಅಕ್ಕ ಉಪ್ಪಿನಕಾಯಿ ಹಾಕುವಳು. ಅವಳಿಗೆ ಬೆರಳ ಗಂಟುಗಳಲ್ಲಿ ನೋವು, ಭರಣಿಯ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಭಾವ ಮಾತಿಲ್ಲದೆ ಎದ್ದು ಹೋಗಿ ಮುಚ್ಚಳ ತೆಗೆದಿಟ್ಟು ಬರುತ್ತಿದ್ದ. ಅವರಿಬ್ಬರ ಪ್ರೀತಿಯನ್ನು ನಾನು ಕಂಡದ್ದು ಅಷ್ಟರಲ್ಲೇ.

ನಾಟಕವಾಡಿ ಎಷ್ಟೋ ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಹಣ್ಣು ಹರಿಯುತ್ತಿದ್ದ ಭಾವ ಗಿಡದ ಬುಡದಲ್ಲೇ ಕೂತ. ಇಂಡಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ನಾನು ಮುಟ್ಟುವ ಹೊತ್ತಿಗೆ ಅಕ್ಕ ಅಳುತ್ತಿದ್ದಳು. ಅಷ್ಟು ಚೆನ್ನಾಗಿ ಅತ್ತದ್ದನ್ನು ನಾನು ಕೇಳಿರಲಿಲ್ಲ ಎಂದು ಬರೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆದರೆ ನಿಜ ಅದೇ. ಅವಳು ಹೇಳಿದ್ದಿಷ್ಟು: “ಭರಣಿ ತುಂಬ ಹಾಕೀನೋ ನನ್ನ ರಾಯಾ, ಮುಚ್ಚಳಾ ಬಿಗಿ ಐತೋ. ಇನ್ನ ಯಾರು ತಗದು ಕೊಡ್ತಾರೋ ನನ್ನ ರಾಯಾ, ಮುಚ್ಚಳಾ ಬಿಗಿ ಐತೋ.” ನಾನು ಭಾವನ ಕೈಯ ಗೀರುಗಳನ್ನು ನೋಡಿದೆ. ಅಂಗಳದ ಗಂಡಸರು ಗೋಡೆಯ ಮರೆಗೆ ಹೋದರು.

ಅಕ್ಕನ ಮೈದುನ ಹೋಗಲಿಲ್ಲ. ಅವನು ಕಂಬಕ್ಕೆ ಆತು ನಿಂತು ಅಕ್ಕನ ಅಳುವನ್ನು ಫೋನಿನಲ್ಲಿ ಹಿಡಿಯುತ್ತಿದ್ದ. ಅದಕ್ಕೆ ಕಾರಣವಿತ್ತು. ಭಾವನ ತಂಗಿ ಪುಣೆಯಲ್ಲಿ, ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಳು, ಹೊಟ್ಟೆ ಕೊಯ್ದಿದ್ದರು. “ಅಣ್ಣನ ಮುಂದ ಬಂದು ಅಳಾಕ ಆಗಲಿಲ್ಲ. ವೈನಿ ಅಳೂದರ ಕಳಿಸು, ಕೇಳಿ ಇಲ್ಲೇ ಅಳತೇನಿ” ಎಂದು ಈ ತಮ್ಮನ ಹತ್ತಿರ ಅತ್ತಿಗೆಯ ಅಳು ಕೇಳಿದ್ದಳು. ಕೊರಳಿಗೆ ಬೀಳಲು ಬಾರದವಳಿಗೆ ಅಳುವಿನ ಪಾಲು ಮುಟ್ಟಿಸಬೇಕಲ್ಲ. ಹಿಡಿದು ಕಳಿಸಿದ. ಇದರಲ್ಲಿ ತಪ್ಪು ಹುಡುಕಲು ನನಗೂ ಬಾರದು.

ತಂಗಿ ಆಸ್ಪತ್ರೆಯ ಮಂಚದಲ್ಲಿ ಅದನ್ನು ಕೇಳಿ ಅತ್ತಳು. ಅತ್ತು, ಅಣ್ಣನ ನೆನಪಿಗೆ ಎಂದು ಸ್ಟೇಟಸ್ಸಿಗೆ ಹಾಕಿದಳು, ಕೈಮುಗಿದ ಚಿತ್ರದೊಂದಿಗೆ. ಅಲ್ಲಿಂದ ಅದನ್ನು ಯಾರು ತೆಗೆದುಕೊಂಡರೋ, ಯಾರು ಅದಕ್ಕೆ ಡೊಳ್ಳು ಕೂಡಿಸಿದರೋ ಗೊತ್ತಿಲ್ಲ. ಒಬ್ಬರ ಹೆಸರು ಸಿಕ್ಕಿದ್ದರೆ ಹೋಗಿ ಕೆನ್ನೆಗೆ ಬಾರಿಸಿ ಬರುತ್ತಿದ್ದೆ. ಒಬ್ಬರೂ ಸಿಗದ ಹಾಗೆ ಎಲ್ಲರೂ ಮಾಡಿದ್ದರು.

ನಾನು ಮೊದಲು ಕೇಳಿದ್ದು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ. ಅಕ್ಕನನ್ನು ನೋಡಿಕೊಂಡು ಹಿಂದಿರುಗುತ್ತ ಬಸ್ಸು ಬದಲಿಸಲು ಇಳಿದಿದ್ದೆ. ಪಕ್ಕದ ಬೆಂಚಿನಲ್ಲಿದ್ದವನ ಫೋನು ಬಡಿದುಕೊಂಡಿತು. ಡೊಳ್ಳು, ಡೊಳ್ಳಿನ ನಡುವೆ ನನ್ನ ಅಕ್ಕನ ದನಿ. ಮುಚ್ಚಳಾ ಬಿಗಿ ಐತೋ, ಡಂ ಡಂ, ಮುಚ್ಚಳಾ ಬಿಗಿ ಐತೋ. ಅವನು ಫೋನು ಎತ್ತದೆ ಕಾಲು ಕುಣಿಸುತ್ತ ಕೂತಿದ್ದ.

“ಫೋನ್ ಎತ್ತರಿ” ಅಂದೆ.

“ತಡೀರಿ ಅಕ್ಕಾರ, ಹಾಡು ಮುಗೀಲಿ” ಅಂದ. ಮುಖದಲ್ಲಿ ಕೆಡುಕಿನ ಗುರುತೇ ಇರಲಿಲ್ಲ. ನನಗೂ ಕೇಳಲೆಂದು ದನಿ ಸ್ವಲ್ಪ ಹೆಚ್ಚಿಸಿದ.

ಆಮೇಲೆ ಅದು ಎಲ್ಲಿ ಇರಲಿಲ್ಲ? ಮದುವೆ ಮೆರವಣಿಗೆಯಲ್ಲಿ ಮದುಮಗನ ಗೆಳೆಯರು ಅದಕ್ಕೆ ಕುಣಿದರು. ಟಂಟಂ ಆಟೋದ ಡ್ರೈವರುಗಳು ಹಾಕಿಕೊಂಡರು. ಮೈಕಿನಲ್ಲಿ ಹಾಕಿ ಉಪ್ಪಿನಕಾಯಿ ಮಾರಿದರು. ನಮ್ಮ ಹೆಡ್‌ಮಾಸ್ತರರು ಶಿಕ್ಷಕರ ಗ್ರೂಪಿಗೆ ಕಳಿಸಿ, ಕೆಳಗೆ ನಗುವ ಮುಖಗಳನ್ನು ಸಾಲಾಗಿ ಇಟ್ಟರು. ಒಂದು ದಿನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಅದೇ ರಾಗ ಬಂತು. ನಾನು ಡಸ್ಟರು ಎಸೆದೆ. ಅದು ಗೋಡೆಗೆ ಬಿತ್ತು.

“ಅದು ನನ್ನ ಅಕ್ಕ” ಎಂದೆ. “ಅಲ್ಲಿ ಸತ್ತು ಕೂತದ್ದು ನನ್ನ ಭಾವ.”

ತರಗತಿ ಗಪ್ಪಾಯಿತು. ನನ್ನ ಕೊನೆಯ ದೃಶ್ಯ ಇಲ್ಲಿ ನಡೆಯಿತು ಎಂದುಕೊಂಡೆ. ಆಗ ಮುಂದಿನ ಬೆಂಚಿನ ಜಾಣ ಹುಡುಗಿ, ನನ್ನ ಮೆಚ್ಚಿನ ಹುಡುಗಿ, ಕಣ್ಣರಳಿಸಿ ಕೇಳಿದಳು: “ಖರೇನ್ರಿ ಟೀಚರ್? ಅವರ ಕೂಡ ಒಂದು ಸೆಲ್ಫಿ ಕೊಡಸ್ರಿ.”

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎಂದು ಅವ್ವ ಹೇಳುತ್ತಿದ್ದಳು. ಊರ ಬಾಯಿಗೆ ಬೈಗುಳವಾದರೂ ಬರುತ್ತದೆ, ತಿರುಗಿ ಬೈಯಬಹುದು. ಇವರೆಲ್ಲ ಪ್ರೀತಿಯಿಂದ ಮಾಡುತ್ತಿದ್ದರು. ಅಕ್ಕನ ಹೆಸರು ಹೋಗಿ ಅವಳು ‘ಭರಣಿ ಅಕ್ಕ’ ಆದಳು. ಜನ ಗಾಡಿ ನಿಲ್ಲಿಸಿ ಬಂದು, “ಒಮ್ಮಿ ಅಂದುಬಿಡ್ರಿ ಅಕ್ಕಾರ, ನಮ್ಮ ಕೂಸಿಗಿ ಭಾಳ ಸೇರತೈತಿ” ಅನ್ನುತ್ತಿದ್ದರು. ಅವಳು ಮೊದಮೊದಲು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಆಗ ಅವಳಿಗೆ ಸೊಕ್ಕು ಬಂದಿದೆ ಅಂದರು. ಗಂಡ ಸತ್ತ ಹೆಂಗಸಿಗೆ ಸೊಕ್ಕು ಬಂದಿದೆ ಎಂದು ಹೇಳುವ ನಾಲಿಗೆ ಇದೇ ಮಣ್ಣಿನಲ್ಲಿ ಬೆಳೆದದ್ದು, ನನ್ನ ಹಾಗೇ ಜೋಳದ ರೊಟ್ಟಿ ತಿಂದದ್ದು.

ಆಮೇಲೆ ಕಾರು ಬಂತು. ಇಂಡಿಯ ಕಡೆಯ ದೊಡ್ಡ ಮನೆತನ, ದ್ರಾಕ್ಷಿ ತೋಟದವರು. ಮನೆಯ ಹಿರಿಯ ತೀರಿಕೊಂಡಿದ್ದ. ಅವನ ಇಬ್ಬರು ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಕೂತರು. ನಾನು ಅಂದು ಅಲ್ಲೇ ಇದ್ದೆ.

“ನಮ್ಮ ಮನ್ಯಾಗಿನ ಹೆಣ್ಣಮಕ್ಕಳು ಹೊರಗ ಕಲತವರು. ಯಾರಿಗೂ ಹಾಡ್ಯಾಡಿ ಅಳಾಕ ಬರಂಗಿಲ್ರಿ. ಮಂದಿ ಬರ್ತಾರ, ಮನಿ ಬರೇ ಸುಮ್ಮ ಇದ್ರ ಛಲೋ ಕಾಣಂಗಿಲ್ಲ. ಅಕ್ಕಾರನ್ನ ಕಳಿಸಿ ಕೊಡ್ರಿ.”

ಎಷ್ಟು ಮರ್ಯಾದೆಯಿಂದ ಕೇಳಿದರು. ನಾಟಕದಲ್ಲಿ ಆ ದೊಡ್ಡವರ ಪಾತ್ರಕ್ಕೆ ನಾನು ಎಂಟನೇ ತರಗತಿಯ ಹುಡುಗರಿಗೆ ಕೈಮುಗಿಯುವುದನ್ನು ಕಲಿಸಲು ಒಂದು ಮಧ್ಯಾಹ್ನ ಒದ್ದಾಡಿದ್ದೆ. ಇವರು ಯಾರೂ ಕಲಿಸದೆ ಅದನ್ನು ಇನ್ನೂ ಚೆನ್ನಾಗಿ ಮಾಡಿದರು.

ನಾನು ಆಗುವುದಿಲ್ಲ ಎಂದೆ. ಮೈದುನ, “ನೀವು ಸುಮ್ಮ ಕುಂದರ್ರಿ, ನಾಳಿ ನಮಗ ಇವರ ಕೂಡ ಬಾಳೇ ಮಾಡೂದೈತಿ” ಅಂದ. ಲಿಂಬೆ ತೋಟಕ್ಕೆ ನೀರು ಬರುವ ಕಾಲುವೆ ಅವರ ಹೊಲದಲ್ಲಿ ಹಾದುಹೋಗುತ್ತಿತ್ತು. ಅಕ್ಕ ಸೀರೆ ಬದಲಿಸಿ ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ಗಟ್ಟಿಯಾಗಿ ಕೈಕಟ್ಟಿಕೊಂಡು ಕೂತು ಹೋದಳು. ಸಂಜೆ ಬಂದಾಗ ನಾನು ಕೂಗಾಡಿದೆ. ಬೇಡ ಅನ್ನಲು ಬಾಯಿಲ್ಲವೇ, ಬಾಯಿ ಬರೀ ಅಳಲಿಕ್ಕಷ್ಟೇ ಇದೆಯೇ ಎಂದೆಲ್ಲ ಅಂದೆ.

ಅಕ್ಕ ನೀರು ಕುಡಿದು ತಂಬಿಗೆ ಕೆಳಗಿಟ್ಟಳು. “ನಿನ್ನ ನಾಟಕದಾಗ ಆಕಿ ಸುಮ್ಮ ನಿಂದ್ರತಾಳ. ಆಕಿಗಿ ನಿಂದ್ರಾಕ ಬರತೈತಿ. ಆಕಿಗಿ ನೀ ಮೈದುನನ್ನ ಬರದಿಲ್ಲ ಬಿಡು.”

ಬಿಳಿ ಟೋಪಿಯ ನಿರ್ಣಾಯಕರು ಹೇಳಿದ್ದು ಒಂದು ರೀತಿ ಸರಿಯೇ ಇತ್ತು. ನಾಟಕ ಖರೇ ಅನಿಸುವ ಹಾಗಿರಲಿಲ್ಲ. ಆದರೆ ಅದರ ಮಂದಿ ಅವರು ತಿಳಿದಂತೆ ಅತಿಯಾಗಿ ಕೆಟ್ಟವರಾಗಿರಲಿಲ್ಲ, ನಿಜದ ಮಂದಿಗಿಂತ ಕಡಿಮೆ ಕೆಟ್ಟವರಾಗಿದ್ದರು. ನನ್ನ ಸಂತೆಯ ಜನರಿಗೆ ಕೊನೆಗೆ ನಾಚಿಕೆ ಬರುತ್ತಿತ್ತು.

ಮುಂದೆ ಇನ್ನೂ ಕಾರುಗಳು ಬಂದವು. ಒಂದು ಮನೆಗೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಮನಸ್ತಾಪ. ಎಲ್ಲಿ ಹೋದರೂ ಕೊನೆಗೆ ಒಬ್ಬರಾದರೂ, “ಆ ಭರಣಿದು ಒಂದು ಅನ್ನವಾ” ಅನ್ನುತ್ತಿದ್ದರು. ಯಾರದೋ ಮುದುಕನ ಹೆಣದ ಮುಂದೆ ಕೂತು ತನ್ನ ಗಂಡ ತೆಗೆದುಕೊಡುತ್ತಿದ್ದ ಮುಚ್ಚಳವನ್ನು ಅವಳು ಅಳಬೇಕಿತ್ತು. ಅದನ್ನೂ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದರು. ಅದರ ಕೆಳಗೆ ಜನ ಬರೆಯುತ್ತಿದ್ದದ್ದನ್ನು ಮೈದುನ ಅವಳಿಗೆ ಓದಿ ಹೇಳುತ್ತಿದ್ದ. ಈ ಸಲ ಕಣ್ಣೀರು ಕಡಿಮೆ. ಮೊದಲಿನ ಹಾಗೆ ಇಲ್ಲ. ಮುಖ ಕಾಣುತ್ತಿಲ್ಲ, ಸೆರಗು ತೆಗೆಯಲು ಹೇಳಿ. ಅಕ್ಕ ಸೆರಗು ಬಾಯಿಗಿಡುವುದನ್ನು ಬಿಟ್ಟಳು. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ ಕೂಡುವುದನ್ನು ಕಲಿತಳು. ಎರಡು ಸಾಲು ಆದ ಮೇಲೆ ಸ್ವಲ್ಪ ತಡೆದು ಫೋನು ಹಿಡಿದವನ ಮುಖ ನೋಡುತ್ತಿದ್ದಳು. ಅವನು ತಲೆಯಾಡಿಸಿದರೆ ಮುಂದಕ್ಕೆ, ಇಲ್ಲದಿದ್ದರೆ ಮತ್ತೆ ಮೊದಲಿಂದ.

ಇದನ್ನೆಲ್ಲ ಅವ್ವನಿಗೆ ಗೊತ್ತಾಗದ ಹಾಗೆ ಇಟ್ಟಿದ್ದೆ ಎಂದುಕೊಂಡಿದ್ದೆ. ಅವ್ವ ಹಾಸಿಗೆ ಹಿಡಿದಿದ್ದಳು. ಆದರೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಬಂದವರ ಕೈಯಲ್ಲೂ ಫೋನು ಇರುತ್ತದಲ್ಲ. ಪಕ್ಕದ ಮನೆಯವಳು, “ನೋಡ್ರಿ, ನಿಮ್ಮ ಮಗಳು ಎಷ್ಟು ದೊಡ್ಡಾಕಿ ಆಗ್ಯಾಳ” ಎಂದು ಹೆಮ್ಮೆಯಿಂದ ತೋರಿಸಿ ಹೋಗಿದ್ದಳು. ಒಂದಲ್ಲ, ಒಂದರ ಹಿಂದೆ ಒಂದು.

ಆ ಭಾನುವಾರ ನಾನು ಹೋದಾಗ ಅವ್ವ ಮಾಳಿಗೆಯ ಬೆಳಕಿಂಡಿ ನೋಡುತ್ತ ಮಲಗಿದ್ದಳು. ನನ್ನ ಕಡೆ ನೋಡದೆ ಕೇಳಿದಳು.

“ನನ್ನ ಮುಂದ ಅಳಾಕ ಆಕಿ ಹತ್ತರ ಏನರ ಉಳಿಸ್ಯಾರೇನು?”

ಇದೆ ಅವ್ವಾ, ನಿನಗೆಂದು ಬೇರೆ ಇಟ್ಟಿದ್ದಾಳೆ ಅಂದೆ. ನನಗೆ ಗೊತ್ತಿದ್ದ ವ್ಯಾಕರಣವೆಲ್ಲ ಆ ಸುಳ್ಳಿಗೆ ಸಾಲಲಿಲ್ಲ. ಅವ್ವ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ದಿನದಿಂದ ನನಗಿದ್ದದ್ದು ಒಂದೇ ಚಿಂತೆ. ಸಾವು ಹೇಗೂ ಬರುತ್ತದೆ. ಅವ್ವ ಅಷ್ಟು ವರ್ಷ ರೊಟ್ಟಿ ಬಡಿಯುತ್ತ ಕೇಳಿಕೊಂಡ ಅಳು ಅವಳಿಗೆ ಸಿಗಬೇಕು. ಸಂತೆಯ ಅಳು ಬೇಡ, ಅವಳದೇ ಬೇಕು.

ಅವ್ವ ನಸುಕಿನಲ್ಲಿ ಹೋದಳು. ಹೊತ್ತೇರುವಷ್ಟರಲ್ಲಿ ಗೋಡೆಗೆ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ಅಂಗಳ ತುಂಬುತ್ತ ಬಂತು. ನಾಲತವಾಡದಿಂದ, ಆಚೀಚೆಯ ಹಳ್ಳಿಗಳಿಂದ ಟಂಟಂ ಮಾಡಿಕೊಂಡು ಬಂದಿದ್ದರು. ಅರ್ಧಕ್ಕರ್ಧ ಮುಖಗಳು ನನಗೆ ಗುರುತಿಲ್ಲದವು. ಅವ್ವ ಇಷ್ಟು ಜನರನ್ನು ಸಂಪಾದಿಸಿದ್ದಳೇ ಎಂದು ಒಂದು ಕ್ಷಣ ಎದೆ ತುಂಬಿತು. ಆಗ ಹಿಂದೆ ನಿಂತವನು ಇನ್ನೊಬ್ಬನಿಗೆ, “ಭರಣಿ ಅಕ್ಕ ಇನ್ನೂ ಬಂದಿಲ್ಲಂತ, ಇಂಡಿ ಬಿಟ್ಟಾಳಂತ” ಎನ್ನುವುದು ಕೇಳಿತು.

ಅಕ್ಕ ಮೈದುನನೊಂದಿಗೆ ಬಂದಳು. ನಾನು ಬಾಗಿಲಲ್ಲಿ ಅವಳ ಕೊರಳಿಗೆ ಬೀಳಬೇಕೆಂದು ಎದ್ದೆ. ಜನ ಎರಡೂ ಕಡೆ ಸರಿದು ಅವಳಿಗೆ ದಾರಿ ಬಿಟ್ಟರು, ಎಲ್ಲರ ಕೈಗಳೂ ಮೇಲೆದ್ದವು, ಎಲ್ಲ ಕೈಯಲ್ಲೂ ಫೋನು. ಮುಂದೆ ಬಂದು ಕೂತವರಿಗೆ ಹಿಂದಿನವರು ತಲೆ ತಗ್ಗಿಸಲು ಹೇಳುತ್ತಿದ್ದರು.

ನಾನು ಅಡುಗೆ ಮನೆಗೆ ಹೋಗಿ ಅವ್ವನ ರೊಟ್ಟಿ ಬುಟ್ಟಿ ತಂದೆ. ಬಾಗಿಲಲ್ಲಿ ನಿಂತೆ.

“ಫೋನ್ ಇದರಾಗ ಹಾಕ್ರಿ. ಇಲ್ಲಾಂದ್ರ ಹೊರಗ ನಡೀರಿ.”

ತರಗತಿಯ ದನಿ ಅಂದು ಕೆಲಸಕ್ಕೆ ಬಂತು. ಒಬ್ಬ ಹಿರಿಯ, “ಮೇಡಮ್ಮಾರ, ನಾವು ಪ್ರೀತಿಲೆ ಬಂದೇವ್ರಿ” ಅಂದ. ಪ್ರೀತಿಯನ್ನು ಒಳಗೆ ತನ್ನಿ, ಫೋನು ಬುಟ್ಟಿಯಲ್ಲಿಡಿ ಅಂದೆ. ಮೈದುನ, “ಮಂದಿ ದೂರದಿಂದ ಬಂದೈತಿ, ಹಿಂಗ ಮಾಡಿದ್ರ ಹೆಂಗ್ರಿ” ಎಂದು ಶುರುಮಾಡಿದ. ಅವನ ಕೈಯಿಂದ ನಾನೇ ಕಿತ್ತು ಹಾಕಿದೆ. ಕೆಲವರು ಹಾಕಿದರು. ಬಹಳ ಜನ ಫೋನು ಕಿಸೆಗಿಟ್ಟುಕೊಂಡು ಚಪ್ಪಲಿ ಹುಡುಕತೊಡಗಿದರು. ಒಂದೊಂದೇ ಟಂಟಂ ಶುರುವಾಗುವ ಸದ್ದು ಕೇಳಿತು. ನೋಡುತ್ತಿದ್ದಂತೆ ಅಂಗಳ ಖಾಲಿಯಾಯಿತು. ಅವ್ವನ ಜೊತೆ ಕಳೆ ತೆಗೆದಿದ್ದ ನಾಲ್ಕಾರು ಮುದುಕಿಯರು, ನಮ್ಮ ಮನೆಯವರು, ಇಷ್ಟೇ ಉಳಿದರು. ಬುಟ್ಟಿಯ ಮೇಲೆ ರೊಟ್ಟಿ ಬಟ್ಟೆ ಮುಚ್ಚಿದೆ. ನನ್ನ ಕೊನೆಯ ದೃಶ್ಯ ಕಡೆಗೂ ನಡೆಯಿತು, ಬಾಗೇವಾಡಿಯ ಆ ನಿರ್ಣಾಯಕರು ಇಲ್ಲಿರಬೇಕಿತ್ತು ಎಂದು ನನಗನಿಸಿತು. ಹಡೆದ ತಾಯಿಯ ಹೆಣ ಎದುರಿಗಿದ್ದರೂ ಬರೆಯುವವರ ಈ ಚಟ ಬಿಡುವುದಿಲ್ಲ.

“ಅಕ್ಕಾ, ಈಗ ಯಾರೂ ಇಲ್ಲ” ಎಂದೆ. “ಅಳು.”

ಅಕ್ಕ ಅವ್ವನ ಎದುರಿಗೆ ಕೂತಳು. ಸೆರಗು ಬಾಯಿಗಿಟ್ಟಳು, ಮತ್ತೆ ತೆಗೆದಳು. ಆಮೇಲೆ ಅಳು ಬಂತು. “ಯವ್ವಾ ನನ್ನ ಹಡದವ್ವಾ, ಜ್ವರದಾಗ ಕಳೆ ತಗದೆಲ್ಲ ನನ್ನವ್ವಾ” ಎಂದು ಎತ್ತಿಕೊಂಡಳು. ಅವ್ವ ಒಲೆಯ ಮುಂದೆ ಸೇರಿಸು ಎಂದದ್ದೆಲ್ಲ ಒಂದೊಂದಾಗಿ ಬಂತು. ಆಕಳು ಹುಡುಕಿ ಮೂರು ಊರು ತಿರುಗಿದ್ದು ಬಂತು. ಅಪ್ಪನ ಸುದ್ದಿ ಬರಲಿಲ್ಲ. ಅವ್ವ ಬೇಡವೆಂದಿದ್ದನ್ನು ಅವಳು ಮರೆತಿರಲಿಲ್ಲ. ಮುದುಕಿಯರು ಮೂಗು ಸೀಟಿ ಅಳತೊಡಗಿದರು. ಅಂದು ನನಗೂ ಅಳು ಬಂತು, ಭಾವ ಸತ್ತಾಗ ಬಾರದಿದ್ದದ್ದೂ ಸೇರಿ ಬಂತು. ಅವ್ವನಿಗೆ ಅವಳದು ಸಿಕ್ಕಿತು, ಅಕ್ಕನಲ್ಲಿ ಇನ್ನೂ ಉಳಿದಿದೆ ಎಂದುಕೊಳ್ಳುತ್ತ ನಾನು ಅವಳ ಭುಜ ಹಿಡಿದುಕೊಂಡೆ.

ಆಗ ಅಕ್ಕ ನಿಲ್ಲಿಸಿದಳು. ಕಣ್ಣೊರೆಸಿಕೊಂಡು, ಮೈದುನ ನಿಂತಿದ್ದ ಕಂಬದ ಕಡೆ ನೋಡಿದಳು. ಅವನ ಖಾಲಿ ಕೈ ನೋಡಿದಳು. ಕಿಟಕಿ ನೋಡಿದಳು. ಅಲ್ಲೂ ಯಾರೂ ಇರಲಿಲ್ಲ. ಸಂತೆಯಲ್ಲಿ ಕೈತಪ್ಪಿಸಿಕೊಂಡ ಕೂಸಿನ ಹಾಗೆ ಅವಳ ಮುಖ ಗಾಬರಿಯಾಯಿತು.

“ಯಾರೂ ಫೋನಿನಾಗ ಹಿಡೀಲಿಲ್ಲೇನು?” ಎಂದು ನನ್ನನ್ನು ಕೇಳಿದಳು. “ಮತ್ತ ಮೊದಲಿಂದ ಅನ್ನಲೇನು?”

ಮುದುಕಿಯರು ಅಳು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿದರು. ನಾನು ಅವ್ವನನ್ನು ನೋಡಿದೆ.

“ಬ್ಯಾಡ” ಎಂದೆ.

“ಹಂಗಾರ ಹೆಂಗಾತು?”

ಅವಳು ಕಾಯುತ್ತಿದ್ದಳು. ನಾನು ಸುಮ್ಮನಿದ್ದರೆ ಚೆನ್ನಾಗಿ ಆಗಲಿಲ್ಲವೆಂದು ತಿಳಿದು ಮತ್ತೆ ಮೊದಲಿಂದ ಹಿಡಿಯುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಬುಟ್ಟಿಯೊಳಗೆ ಬಟ್ಟೆಯ ಕೆಳಗೆ ಯಾರದೋ ಫೋನು ಬಡಿದುಕೊಳ್ಳುತ್ತಿತ್ತು.

“ಛಲೋ ಆತಕ್ಕಾ” ಅಂದೆ.

ಅಕ್ಕನಿಗೆ ಸಮಾಧಾನವಾಯಿತು. ಸೆರಗು ಸರಿಮಾಡಿಕೊಂಡು, ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದಳು. ಇಳಿಹೊತ್ತಿಗೆ ಎಂದು ಒಬ್ಬ ಮುದುಕಿ ಹೇಳಿದಳು. ಅಕ್ಕ ಮತ್ತೆ ಅಳಲಿಲ್ಲ.